ರಂಗ ಪ್ರಶ್ನೋತ್ತರ: ಇತಿಹಾಸ ಕಾಯಲು ಹೊರಟ ಖಡ್ಗಗಳು

ಈ ಬಾರಿ ದಾವಣಗೆರೆ ಮತ್ತು ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತಿದ್ದವು. ಆದ್ದರಿಂದ ಅವುಗಳನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಜಪಾನಿನ ‘ತೋಕೆನ್ ರಾನ್ಬು’ ಸಂಗೀತ ನಾಟಕದ ವಿಡಿಯೊ ನೋಡಿದೆ. ಹಳೆಯ ಖಡ್ಗಗಳು ಯೋಧರ ರೂಪ ತಾಳಿ, ಹಿಂದಿನ ಕಾಲಕ್ಕೆ ಹೋಗಿ, ಇತಿಹಾಸವನ್ನು ಕಾಪಾಡುವ ಕಥೆ ಅದು. ಗೇಮಿನಿಂದ ಹುಟ್ಟಿದ್ದನ್ನು ನಾಟಕವೆಂದು ಕರೆಯಲಾಗದು ಎಂದು ನಮ್ಮ ಕಾಲೇಜಿನ ರಂಗತಂಡದ ಹಿರಿಯರು ಹೇಳುತ್ತಾರೆ. ತಮ್ಮ ಅಭಿಪ್ರಾಯ ತಿಳಿಸಿ.
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕಥೆ ಎಲ್ಲಿಂದ ಬಂತು ಎಂಬುದನ್ನು ನೋಡಿ ನಾಟಕದ ಯೋಗ್ಯತೆಯನ್ನು ನಿರ್ಧರಿಸುವುದು ಸರಿಯಲ್ಲ. ನಮ್ಮ ವೃತ್ತಿ ಕಂಪನಿಗಳು ಪುರಾಣದಿಂದಲೂ, ಕಾದಂಬರಿಯಿಂದಲೂ, ಊರಿನ ಸುದ್ದಿಯಿಂದಲೂ ಕಥೆಗಳನ್ನು ಎತ್ತಿಕೊಂಡವು. ಚಿಂದೋಡಿ ಲೀಲಾ ಅವರ ಹೆಸರಿನೊಂದಿಗೆ ನಾಡೆಲ್ಲ ಸುತ್ತಿದ ನಿಮ್ಮ ಊರಿನ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಗಳಿಗೆ ಟಿಕೆಟ್ ಕೊಂಡು ಬಂದವರು ಕಥೆಯ ಮೂಲವನ್ನು ವಿಚಾರಿಸಲಿಲ್ಲ. ಪಾತ್ರ ತಮ್ಮನ್ನು ಹಿಡಿದು ನಿಲ್ಲಿಸಿತೇ ಎಂಬುದನ್ನಷ್ಟೇ ನೋಡಿದರು. ಈ ನಾಟಕಕ್ಕೂ ಅದೇ ಅಳತೆ ಸಾಕು.

‘ತೋಕೆನ್ ರಾನ್ಬು’ ಮೊದಲು ಬಂದದ್ದು 2015ರ ಜನವರಿಯಲ್ಲಿ, ಕಂಪ್ಯೂಟರಿನಲ್ಲಿ ಆಡುವ ಗೇಮ್ ಆಗಿ. ಅದೇ ವರ್ಷದ ಕೊನೆಯ ಭಾಗದಲ್ಲಿ ಸಂಗೀತ ನಾಟಕದ ಪ್ರಾಯೋಗಿಕ ಪ್ರದರ್ಶನ ನಡೆಯಿತು. ಅಲ್ಲಿಂದೀಚೆಗೆ ಅದು ಒಂದರ ಹಿಂದೊಂದು ನಾಟಕಗಳ ಸರಣಿಯಾಗಿ ಬೆಳೆದಿದೆ. 2018ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಆಡಿದ ತಂಡ, ಆ ವರ್ಷದ ಕೊನೆಯ ರಾತ್ರಿ ಜಪಾನಿನ ಸಾರ್ವಜನಿಕ ಪ್ರಸಾರ ವಾಹಿನಿಯ ಹೆಸರಾಂತ ಗಾಯನ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡಿತು. ಮಾಂಗಾ ಎಂಬ ಚಿತ್ರಕಥೆ ಪುಸ್ತಕ, ಗೇಮ್ ಮೊದಲಾದವುಗಳ ಪಾತ್ರಗಳನ್ನು ರಂಗಕ್ಕೆ ತರುವ ಇಂಥ ನಾಟಕಗಳನ್ನು ಜಪಾನಿನಲ್ಲಿ ‘ಎರಡೂವರೆ ಆಯಾಮ’ದ ನಾಟಕಗಳೆಂದು ಕರೆಯುತ್ತಾರೆ. 1974ರಲ್ಲಿ ತಕರಜುಕಾ ಎಂಬ ಮಹಿಳೆಯರ ನಾಟಕ ಮಂಡಳಿ ಒಂದು ಚಿತ್ರಕಥೆಯನ್ನು ರಂಗಕ್ಕೆ ತಂದು ಅಪಾರ ಜನಪ್ರಿಯತೆ ಗಳಿಸಿತ್ತು. 2003ರಲ್ಲಿ ಟೆನಿಸ್ ಆಡುವ ಶಾಲಾ ಹುಡುಗರ ಕಥೆಯೊಂದು ಸಂಗೀತ ನಾಟಕವಾದ ಮೇಲೆ ಈ ಬಗೆಯ ರಂಗಭೂಮಿ ಭದ್ರವಾಗಿ ನೆಲೆಯೂರಿತು. ಹೀಗೆ ಇದಕ್ಕೆ ತನ್ನದೇ ಪರಂಪರೆಯೊಂದು ಇದೆ ಎಂಬುದನ್ನು ನಿಮ್ಮ ಹಿರಿಯರಿಗೆ ವಿನಯದಿಂದಲೇ ತಿಳಿಸಬಹುದು.

ಪ್ರದರ್ಶನ ಸಾಮಾನ್ಯವಾಗಿ ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲ ಭಾಗ ಕಥೆ, ಹಾಡು, ಖಡ್ಗಯುದ್ಧಗಳಿಂದ ಕೂಡಿದ ನಾಟಕ. ಎರಡನೆಯ ಭಾಗದಲ್ಲಿ ಅದೇ ಪಾತ್ರಗಳು ಬೇರೆ ಉಡುಗೆ ತೊಟ್ಟು ಬರೀ ಹಾಡು, ಕುಣಿತಗಳ ಕಚೇರಿಯನ್ನೇ ನಡೆಸುತ್ತವೆ. ಪ್ರೇಕ್ಷಕರು ತಮಗೆ ಪ್ರಿಯವಾದ ಪಾತ್ರದ ಬಣ್ಣದ ಬೆಳಕಿನ ಕೋಲು ಹಿಡಿದು ಬೀಸುತ್ತಾರೆ. ನಿಮ್ಮ ಹಿರಿಯರಿಗೆ ಮುಜುಗರವಾಗಿರುವುದು ಬಹುಶಃ ಈ ಎರಡನೆಯ ಭಾಗದಿಂದ. ಆದರೆ ಸಾಯುವ ಪಾತ್ರಧಾರಿಯನ್ನು ‘ಒನ್ಸ್ ಮೋರ್’ ಕೂಗಿ ಎಬ್ಬಿಸಿ, ರಂಗಗೀತೆಯನ್ನು ಮತ್ತೊಮ್ಮೆ ಹಾಡಿಸಿದ ನಾಡಿನವರಾದ ನಾವು ಅದಕ್ಕಾಗಿ ಮೂಗು ಮುರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಪ್ರಶ್ನೆ: ಆ ಖಡ್ಗಗಳು ನಿಜವಾಗಿಯೂ ಇವೆಯೇ, ಅಥವಾ ಎಲ್ಲವೂ ಕಲ್ಪನೆಯೇ?
– ಓದುಗರು, ಹರಿಹರ

ಉತ್ತರ: ಎರಡೂ ಇವೆ. ಮಿಕಜುಕಿ ಮುನೆಚಿಕ ಎಂಬ ಖಡ್ಗ ಇಂದಿಗೂ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ; ಜಪಾನ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ. ಇಮಾನೊತ್ಸುರುಗಿ ಎಂಬ ಕಿರುಖಡ್ಗ ವೀರ ಯೊಶಿತ್ಸುನೆಯದೆಂದು ಹಳೆಯ ಕಥನ ಹೇಳುತ್ತದೆ, ಆದರೆ ಅದು ಕೈಗೆ ಸಿಗುವ ವಸ್ತುವಾಗಿ ಉಳಿದಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಕಾಣೆಯಾದ ಹೊತಾರುಮಾರು ಎಂಬ ಖಡ್ಗದ ಪ್ರತಿರೂಪವನ್ನು ಮಾಡಿಸಲು, ಗೇಮ್ ಬಂದ ಮೇಲೆ ಅಭಿಮಾನಿಗಳೂ ಹಣ ಕೂಡಿಸಿದರು. ಗಾಜಿನ ಪೆಟ್ಟಿಗೆಯೊಳಗಿನ ಖಡ್ಗವನ್ನು ನೋಡಲು ಹರೆಯದವರು ಸಾಲುಗಟ್ಟಿ ನಿಲ್ಲುವಂತಾದದ್ದು ಈ ಕಥೆಯಿಂದಾದ ದೊಡ್ಡ ಉಪಕಾರ.

ಪ್ರಶ್ನೆ: ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಮೊಮ್ಮಗಳು ಈ ನಾಟಕದ ಕಥೆ ಹೇಳಿದಳು. ಇತಿಹಾಸವನ್ನು ಇದ್ದಂತೆಯೇ ಕಾಪಾಡುವುದೆಂದರೆ ಹಿಂದಿನ ಕೊಲೆ, ಮೋಸ, ಅನ್ಯಾಯಗಳನ್ನೂ ಕಾಪಾಡಿದಂತಾಗುವುದಿಲ್ಲವೇ? ಆದದ್ದೆಲ್ಲ ಒಳ್ಳೆಯದಕ್ಕೇ ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದಿಲ್ಲವೇ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಮಾಸ್ತರರೇ, ಬಂದ ಪತ್ರಗಳಲ್ಲಿ ನಿಮ್ಮದೇ ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ. ಈ ಸರಣಿಯ ಒಳ್ಳೆಯ ನಾಟಕಗಳು ನಿಂತಿರುವುದೂ ಇದೇ ಪ್ರಶ್ನೆಯ ಮೇಲೆ.

ಕಥೆಯ ಪ್ರಕಾರ 2205ನೆಯ ಇಸವಿಯಲ್ಲಿ ಇತಿಹಾಸವನ್ನು ತಿದ್ದಬೇಕೆನ್ನುವವರು ಹಿಂದಿನ ಕಾಲಗಳಿಗೆ ಸೈನ್ಯ ಕಳುಹಿಸುತ್ತಾರೆ. ಅವರನ್ನು ತಡೆಯುವುದು ಈ ಖಡ್ಗಯೋಧರ ಕೆಲಸ. ಸಂಕಟವೆಂದರೆ, ಹೀಗೆ ಕಳುಹಿಸಿದ ಕಾಲದಲ್ಲಿ ಅವರ ಹಳೆಯ ಒಡೆಯರೇ ಎದುರಾಗುತ್ತಾರೆ. ಸರಣಿಯ ಮೊದಲ ನಾಟಕ 1189ರ ಸುತ್ತ ನಡೆಯುತ್ತದೆ. ಆ ವರ್ಷ, ಅಣ್ಣ ಯೊರಿತೊಮೊನ ಹಗೆಗೆ ಗುರಿಯಾಗಿ ದೇಶಾಂತರ ತಿರುಗಿದ್ದ ಯೊಶಿತ್ಸುನೆ ಕೊರೊಮೊಗಾವ ಎಂಬಲ್ಲಿ ಪ್ರಾಣ ಬಿಟ್ಟ; ಜಪಾನಿನ ಜನ ಇಂದಿಗೂ ಮರುಗುವ ಸಾವು ಅದು. ಆ ಒಡೆಯ ಬದುಕಲೆಂದು ಇಮಾನೊತ್ಸುರುಗಿಯ ಮನಸ್ಸು ಹಂಬಲಿಸುತ್ತದೆ, ಬದುಕಗೊಡಬಾರದೆಂದು ಕರ್ತವ್ಯ ಹೇಳುತ್ತದೆ.

2017ರಲ್ಲಿ ಬಂದ, ‘ಮುನ್ನೂರು ವರ್ಷಗಳ ಜೋಗುಳ’ ಎಂಬರ್ಥದ ಹೆಸರಿನ ನಾಟಕ ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ಮುಂದೆ 1603ರಲ್ಲಿ ಶೋಗನ್, ಅಂದರೆ ಜಪಾನನ್ನು ಆಳುವ ಸೇನಾಧಿಪತಿಯ ಪದವಿಗೇರಿ ದೀರ್ಘ ಶಾಂತಿಯ ಆಳ್ವಿಕೆಗೆ ಅಡಿಪಾಯ ಹಾಕಬೇಕಾದ ತೊಕುಗಾವ ಇಯೆಯಾಸು ಅದರಲ್ಲಿ ಇನ್ನೂ ಹಸುಗೂಸು. ಕಾಲ ತಿದ್ದುವ ಸೈನ್ಯ ದಾಳಿಯಿಟ್ಟು, ಆ ಕೂಸನ್ನು ಬೆಳೆಸಬೇಕಾಗಿದ್ದ ಸಾಮಂತರನ್ನು ಕೊಂದುಹಾಕಿರುತ್ತದೆ. ಆಗ ಖಡ್ಗಯೋಧರು ಸತ್ತವರ ಹೆಸರುಗಳನ್ನು ತಾವು ಹೊತ್ತು, ಅವರ ಬದುಕನ್ನು ತಾವು ಬದುಕಿ, ಮಗುವನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡುತ್ತಾರೆ. ಆಯುಧವಾಗಿ ಹುಟ್ಟಿದವರ ತೋಳಿನಲ್ಲಿ ಅಳುವ ಕೂಸು, ಅದನ್ನು ಹೇಗೆ ಹಿಡಿಯಬೇಕೆಂದೇ ತಿಳಿಯದ ಅವರ ಗಾಬರಿ, ಆಮೇಲೆ ಬರುವ ಜೋಗುಳ – ಇಷ್ಟನ್ನು ನೋಡಿದರೆ ಸಾಕು, ಇದು ಬರೀ ಗೇಮ್ ಅಲ್ಲವೆಂದು ಒಪ್ಪಬೇಕಾಗುತ್ತದೆ. ಆದರೆ ಇತಿಹಾಸ ಅಲ್ಲಿಗೆ ನಿಲ್ಲುವುದಿಲ್ಲ. ಇಯೆಯಾಸುವಿನ ಹಿರಿಯ ಮಗ ನೊಬುಯಾಸು 1579ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ಹೊಟ್ಟೆ ಬಗೆದುಕೊಂಡು ಸಾಯುವ ಶಿಕ್ಷೆಗೆ ಗುರಿಯಾದವನು. ಅವನನ್ನೂ ಕಣ್ಣೆದುರು ಬೆಳೆಸಿದ ಇಶಿಕಿರಿಮಾರು ಎಂಬ ಖಡ್ಗಯೋಧನ ಮೇಲೆಯೇ ಆ ಸಾವು ತಪ್ಪದಂತೆ ನೋಡಿಕೊಳ್ಳುವ ಹೊಣೆ ಬೀಳುತ್ತದೆ. ಅವನಾದರೋ ರೋಗಿಗಳು ಗುಣ ಬೇಡಿಕೊಂಡು ಬರುವ ದೇವಾಲಯಕ್ಕೆ ಸೇರಿದ ಖಡ್ಗ.

ಇದನ್ನು ನೋಡಿದ ಯಾವ ಮಗುವೂ ಆದದ್ದೆಲ್ಲ ಒಳ್ಳೆಯದಕ್ಕೇ ಎಂದುಕೊಂಡು ಎದ್ದು ಬರಲಾರದು. ನಾಟಕ ಆ ಸಾವನ್ನು ಸಮರ್ಥಿಸುವುದಿಲ್ಲ. ಅದರ ಭಾರ ಎಷ್ಟೆಂಬುದನ್ನು ತೋರಿಸುತ್ತದೆ. ಅನ್ಯಾಯವನ್ನು ಅಳಿಸಿಹಾಕಿದರೆ ಅನ್ಯಾಯ ಮಾಡಿದವನ ತಪ್ಪೂ ಅಳಿಸಿಹೋಗುತ್ತದೆ, ಅದನ್ನು ಸಹಿಸಿದವರ ನೋವಿಗೆ ಸಾಕ್ಷಿಯೂ ಇಲ್ಲದಂತಾಗುತ್ತದೆ. ನಿಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯ ಮಯೂರಶರ್ಮನ ಶಾಸನಗಳ ನೆರೆಯಲ್ಲಿ ಬದುಕಿದವರು ನೀವು. ದುರ್ಗದ ಇತಿಹಾಸಕ್ಕಾಗಿ ಹುಲ್ಲೂರು ಶ್ರೀನಿವಾಸ ಜೋಯಿಸರು ಕಡತ, ಶಾಸನಗಳನ್ನು ಹುಡುಕಿ ಓದಿದ್ದು ನಾಯಕರ ಗೆಲುವುಗಳನ್ನಷ್ಟೇ ಉಳಿಸಲೆಂದಲ್ಲ.

ನನಗಿರುವ ಒಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ಹೆಸರುವಾಸಿ ಖಡ್ಗಗಳು ಅರಸರ, ಸೇನಾನಿಗಳ ಸೊಂಟದಲ್ಲಿದ್ದವು. ಆದ್ದರಿಂದ ಕಥೆಯ ಕಣ್ಣು ಹೆಚ್ಚಾಗಿ ಮೇಲಿನವರ ಮೇಲೆಯೇ ನೆಟ್ಟಿರುತ್ತದೆ. ಅಡುಗೆ ಮಾಡಿದವರು, ನೀರು ಹೊತ್ತವರು, ಬಾಗಿಲು ಕಾದವರು ಎಲ್ಲಿ ಎಂಬ ಪ್ರಶ್ನೆಯನ್ನು ನೀವು ಎತ್ತಿದ್ದರೆ ಅದಕ್ಕೆ ನನ್ನಲ್ಲಿ ಸಮಾಧಾನಕರವಾದ ಉತ್ತರ ಇರುತ್ತಿರಲಿಲ್ಲ.

ಪ್ರಶ್ನೆ: ನಮ್ಮದು ಹವ್ಯಾಸಿ ತಂಡ. ಇದೇ ಮಾದರಿಯಲ್ಲಿ ಚಿತ್ರದುರ್ಗದ ಕೋಟೆಯ ಮೇಲೆ ಹಾಡುಗಳುಳ್ಳ ನಾಟಕವೊಂದನ್ನು ಮಾಡಬೇಕೆಂದಿದ್ದೇವೆ. ಮದಕರಿ ನಾಯಕನ ಖಡ್ಗವನ್ನೇ ನಾಯಕನನ್ನಾಗಿ ಮಾಡಿದರೆ ಹೇಗೆ? ಯುದ್ಧ, ಹಾಡು, ಕಾಲ ಬದಲಾಗುವುದನ್ನು ಕಡಿಮೆ ಖರ್ಚಿನಲ್ಲಿ ತೋರಿಸುವ ಬಗೆಯನ್ನೂ ತಿಳಿಸಿ.
– ರಂಗತಂಡವೊಂದರ ಸದಸ್ಯರು, ಹೊಸದುರ್ಗ

ಉತ್ತರ: ದಯವಿಟ್ಟು ಖಡ್ಗವನ್ನು ಬಿಡಿ. ಹಿಂದಿನ ಉತ್ತರದಲ್ಲಿ ಹೇಳಿದ ಕೊರತೆಯನ್ನು ತುಂಬುವ ವಸ್ತುಗಳು ನಿಮ್ಮ ಕೋಟೆಯಲ್ಲೇ ಇವೆ. ಒನಕೆ ಇದೆ, ಕಾವಲುಗಾರನ ಕಹಳೆ ಇದೆ, ಹೊಂಡದ ಒಳಗೆ ಕುಳಿತಿರುವ ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳಿವೆ. ಇವೇ ಮನುಷ್ಯರೂಪ ತಾಳಿ ಬರಲಿ. ಅರಮನೆಯ ಆಯುಧ ಒಂದೂ ಇಲ್ಲದೆ, ದುಡಿಯುವವರ ಕೈಯ ವಸ್ತುಗಳೇ ದುರ್ಗದ ಇತಿಹಾಸವನ್ನು ಕಾಯಲು ಹೊರಟರೆ ನಾಟಕ ಜಪಾನಿನ ನೆರಳಾಗದೆ ನಿಮ್ಮದೇ ಆಗುತ್ತದೆ.

ನಡುವಿನ ಬಿಕ್ಕಟ್ಟು ಕಹಳೆಯದಾಗಿರಲಿ ಎಂಬುದು ನನ್ನ ಸಲಹೆ. ಓಬವ್ವನ ಕಥೆ ಜನರ ಬಾಯಲ್ಲಿ ಹೀಗಿದೆ: ಕಹಳೆಯ ಮುದ್ದಹನುಮ ಊಟಕ್ಕೆ ಬಂದಿದ್ದಾನೆ, ನೀರಿಗೆಂದು ತಣ್ಣೀರುದೋಣಿಯ ಕಡೆಗೆ ಹೋದ ಓಬವ್ವ, ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡು, ಒನಕೆ ಹಿಡಿದು ನಿಲ್ಲುತ್ತಾಳೆ, ಗಂಡ ಬಂದು ಕಹಳೆ ಊದಿ ಕೋಟೆಯನ್ನು ಎಚ್ಚರಿಸುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಭವಿಷ್ಯದಿಂದ ಬಂದ ಕಹಳೆಗೆ ಇದೆಲ್ಲವೂ ಮೊದಲೇ ಗೊತ್ತು. ತುಸು ಮೊದಲೇ ಕೂಗಿದರೆ ತಾನು ದಿನವೂ ಕಂಡ ಮನೆಯೊಡತಿ ಬದುಕುತ್ತಾಳೆ. ಕೂಗಿದರೆ ಅವಳು ಕಿಂಡಿಯ ಬಳಿ ನಿಲ್ಲುವ ಸಂದರ್ಭವೇ ಬರುವುದಿಲ್ಲ, ಅವಳ ಹೆಸರನ್ನು ಯಾರೂ ಅರಿಯುವುದಿಲ್ಲ. ಅವಳಿಗೆ ಬೇಕಾಗಿದ್ದು ಹೆಸರೋ, ಬದುಕೋ? ಇದನ್ನು ಕಹಳೆ ಒನಕೆಯೊಡನೆ ವಾದಿಸಲಿ. ಒನಕೆ ಕೊಡುವ ಉತ್ತರವನ್ನು ನೀವೇ ಬರೆಯಬೇಕು. ಅದರಲ್ಲಿಯೇ ನಿಮ್ಮ ನಾಟಕದ ಜೀವ ಇರುತ್ತದೆ.

ಕೊನೆಯ ಅಂಕಕ್ಕೆ 1779 ಬರಲಿ. ಆ ವರ್ಷ ಏಳು ಸುತ್ತಿನ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಕಾಲ ತಿದ್ದುವವರು ಇಲ್ಲಿ ಶತ್ರುಗಳಂತೆ ಬರಬಾರದು, ಹಿತೈಷಿಗಳಂತೆ ಬಂದು ‘ಕೋಟೆಯನ್ನು ಉಳಿಸಿಕೊಡುತ್ತೇವೆ’ ಎನ್ನಬೇಕು. ದುರ್ಗದ ಪ್ರೇಕ್ಷಕರ ಮನಸ್ಸು ಒಂದು ಕ್ಷಣ ಅವರ ಕಡೆಗೆ ವಾಲಿದರೆ ನೀವು ಗೆದ್ದಂತೆ. ಇನ್ನೊಂದು ಮಾತು: ಹೈದರಾಲಿಯನ್ನೂ ಅವನ ಸೈನಿಕರನ್ನೂ ರಾಕ್ಷಸರಂತೆ ಚಿತ್ರಿಸಬೇಡಿ. ಜಪಾನಿನ ನಾಟಕಗಳಲ್ಲಿ ಚರಿತ್ರೆಯ ಎರಡೂ ಪಕ್ಷದವರು ಮನುಷ್ಯರೇ. ಖಡ್ಗಯೋಧರ ವೈರಿ ಕಾಲವನ್ನು ಕೆಡಿಸುವ ಸೈನ್ಯ ಮಾತ್ರ. ಕಿಂಡಿಯಲ್ಲಿ ತಲೆ ತೂರಿಸಿದ ಸೈನಿಕನೂ ಯಾರದೋ ಮನೆಯ ಮಗ ಎಂಬುದನ್ನು ಬೀಸುಕಲ್ಲು ಒಂದು ಹಾಡಿನಲ್ಲಿ ಹೇಳಬಹುದು. ಬೀಸುವ ಪದದ ಧಾಟಿ ಅದಕ್ಕೆ ತಾನಾಗಿ ಒದಗುತ್ತದೆ.

ಯುದ್ಧಕ್ಕೆ ಕತ್ತಿವರಸೆಯ ಗುರುಗಳನ್ನು ದೂರದಿಂದ ಕರೆಸುವ ಅಗತ್ಯವಿಲ್ಲ. ನಿಮ್ಮ ಸೀಮೆಯ ಬಯಲಾಟದ ಕಲಾವಿದರು ಮದ್ದಳೆಯ ಪೆಟ್ಟಿಗೆ ಹೆಜ್ಜೆ ಕೊಟ್ಟು ಕುಣಿಯುತ್ತಲೇ ಯುದ್ಧವನ್ನು ತೋರಿಸುತ್ತಾರೆ. ನಟರು ಅವರ ಬಳಿ ಆ ಹೆಜ್ಜೆಗಳನ್ನು ಕಲಿಯಲಿ. ಕುಣಿಯುತ್ತ ಹಾಡಿದರೆ ಉಸಿರು ಹಿಡಿಯುವುದು ಕಷ್ಟ. ಆದ್ದರಿಂದ ಹಾಡಿನ ಸಾಲುಗಳನ್ನು ಗಿಡ್ಡದಾಗಿ ಬರೆದು, ಏಟು ಬೀಳುವ ಕಡೆ ಹಿಮ್ಮೇಳದವರು ಎತ್ತಿಕೊಳ್ಳುವಂತೆ ಹಂಚಿ.

ಕಾಲ ಬದಲಾಗುವುದನ್ನು ಬೆಳಕಿನ ಚಮತ್ಕಾರದಿಂದ ತೋರಿಸಲು ಹೋಗಿ ಹಣ ಕಳೆದುಕೊಳ್ಳಬೇಡಿ. ನಟ ಒಂದು ಸುತ್ತು ಹಾಕಿ ‘ಇದು ದುರ್ಗ’ ಎಂದರೆ ನಮ್ಮ ಜನ ನಂಬುತ್ತಾರೆ. ಬಯಲಾಟ ಕಲಿಸಿಕೊಟ್ಟ ನಂಬಿಕೆ ಅದು. ಇಂದಿನ ಕಾಲಕ್ಕೆ ಒಂದು ರಾಗ, ನಾಯಕರ ಕಾಲಕ್ಕೆ ಇನ್ನೊಂದು ರಾಗವೆಂದು ಗೊತ್ತುಮಾಡಿಕೊಂಡು, ಕಾಲ ದಾಟುವಾಗಲೆಲ್ಲ ಕಹಳೆಯನ್ನೇ ಊದಿಸಿ. ಆದರೆ ಓಬವ್ವನ ದೃಶ್ಯ ಮುಗಿಯುವ ತನಕ ಆ ಕಹಳೆ ಬೇರೆ ಕಾರಣಕ್ಕೆ ಕೂಗಬಾರದು. ಧ್ವನಿಮುದ್ರಿತ ಸಂಗೀತವನ್ನು ದೂರವಿಡಿ. ದಾವಣಗೆರೆಯಲ್ಲಿ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ, ತಬಲಾ ನುಡಿಸಿದ ಹಿರಿಯರನ್ನು ವಿಚಾರಿಸಿ ಕರೆತನ್ನಿ. ನಟನ ಉಸಿರು ನೋಡಿ ಲಯ ಹಿಗ್ಗಿಸುವುದು, ಕುಗ್ಗಿಸುವುದು ಅವರಿಗೆ ಕರಗತ. ನಿಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶಿವಸಂಚಾರದ ತಂಡ ವರ್ಷವರ್ಷವೂ ನಾಟಕಗಳನ್ನು ಸಿದ್ಧಪಡಿಸಿಕೊಂಡು ನಾಡು ಸುತ್ತುತ್ತದೆ. ಊರಿಂದೂರಿಗೆ ಸಾಗಿಸಬಲ್ಲ ಹಗುರವಾದ ರಂಗಸಜ್ಜಿಕೆಯನ್ನು ಹೇಗೆ ಕಟ್ಟುವುದೆಂದು ಅವರನ್ನು ಕೇಳಿ ತಿಳಿದುಕೊಳ್ಳಿ. ಪಾತ್ರ ಹಂಚುವ ಮೊದಲು ಹಸ್ತಪ್ರತಿಯನ್ನು ದುರ್ಗದ ಇತಿಹಾಸ ಬಲ್ಲವರಿಗೆ ಓದಿ ಹೇಳಿ. ಜನಪದದ ಮಾತು ಯಾವುದು, ದಾಖಲೆಯ ಮಾತು ಯಾವುದು, ನೀವು ಸೇರಿಸಿದ್ದು ಯಾವುದು ಎಂಬುದನ್ನು ನಾಟಕದ ಆರಂಭದಲ್ಲೇ ಸೂತ್ರಧಾರನ ಬಾಯಲ್ಲಿ ಸ್ಪಷ್ಟವಾಗಿ ಹೇಳಿಸಿ.