ರಸ್ತೆಯಲ್ಲೇ ಲಾರಿಯ ಹೊಗೆ ಅಳೆಯುವುದೇಕೆ?

ಪ್ರಶ್ನೆ: ಡೀಸೆಲ್ ಲಾರಿಯ ಎಂಜಿನ್ ಪ್ರಯೋಗಾಲಯದಲ್ಲಿ ತೇರ್ಗಡೆಯಾದ ಮೇಲೆಯೇ ಮಾರುಕಟ್ಟೆಗೆ ಬರುತ್ತದೆ. ಹಾಗಿದ್ದೂ ಓಡುವ ಲಾರಿಯ ಹೊಗೆಯನ್ನು ಮತ್ತೆ ಅಳೆಯುವುದೇಕೆ, ಹೇಗೆ?

ಉತ್ತರ: ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಗಾಗುವುದು ಸಾಮಾನ್ಯವಾಗಿ ಲಾರಿಯಲ್ಲ, ಅದರ ಎಂಜಿನ್ ಮಾತ್ರ. ಅದನ್ನು ಡೈನಮೊಮೀಟರಿಗೆ, ಅಂದರೆ ಎಂಜಿನ್ನಿಗೆ ಹೊರೆ ಕೊಟ್ಟು ಅದರ ಶಕ್ತಿ ಅಳೆಯುವ ಯಂತ್ರಕ್ಕೆ, ಜೋಡಿಸಿ, ಗೊತ್ತುಪಡಿಸಿದ ವೇಗ ಮತ್ತು ಹೊರೆಗಳಲ್ಲಿ ಓಡಿಸಿ, ಪ್ರತಿ ಕಿಲೊವ್ಯಾಟ್-ಗಂಟೆ ಕೆಲಸಕ್ಕೆ ಎಷ್ಟು ಗ್ರಾಂ ಮಾಲಿನ್ಯ ಹೊರಬಿತ್ತೆಂದು ಲೆಕ್ಕ ಹಾಕುತ್ತಾರೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿರುವ ಪರೀಕ್ಷೆಯಿದು. ಹೆದ್ದಾರಿಯ ಓಟದಲ್ಲಿ ಹೊಗೆಯಲ್ಲಿನ ಹಾನಿಕರ ಅನಿಲಗಳಾದ ನೈಟ್ರೋಜನ್ ಆಕ್ಸೈಡುಗಳ ನಿಯಂತ್ರಣವನ್ನು ಸಡಿಲಿಸುವ ತಂತ್ರಾಂಶ ಅಳವಡಿಸಿದ ಆರೋಪದ ಮೇಲೆ ಅಮೆರಿಕದಲ್ಲಿ ಏಳು ಎಂಜಿನ್ ತಯಾರಕರು 1998ರಲ್ಲಿ ಸರ್ಕಾರದೊಡನೆ ರಾಜಿ ಮಾಡಿಕೊಳ್ಳಬೇಕಾಯಿತು. ರಸ್ತೆಯಲ್ಲೇ ಅಳೆಯುವ ಉಪಕರಣಗಳ ಬೆಳವಣಿಗೆಗೆ ಆ ರಾಜಿಯೂ ಒಂದು ಕಾರಣ.

ಮೋಸವಿಲ್ಲದಿದ್ದರೂ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಯೂರಿಯಾ ದ್ರಾವಣವನ್ನು ಸಿಂಪಡಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲು ಹೊಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ದಟ್ಟಣೆಯಲ್ಲಿ ತೆವಳುವ, ಖಾಲಿ ಓಡುವ ಲಾರಿಯ ಹೊಗೆ ತಣ್ಣಗಾಗುತ್ತದೆ, ಸಿಂಪಡಣೆ ನಿಲ್ಲುತ್ತದೆ. ಕಪ್ಪು ಹೊಗೆ ಕಾಣದ ಕಾರಣ ದಾರಿಹೋಕರಿಗೆ ಇದರ ಸುಳಿವೂ ಸಿಗುವುದಿಲ್ಲ.

ಅಳತೆಗೆ ಬಳಸುವುದು ಲಾರಿಗೇ ಕಟ್ಟಿದ ಒಂದು ಪೆಟ್ಟಿಗೆ. ಹೊಗೆಕೊಳವೆಯ ತುದಿಗೆ ಹರಿವು ಮಾಪಕ ಕೂರುತ್ತದೆ; ಅಲ್ಲಿಂದ ಬಿಸಿಮಾಡಿದ ತೆಳು ನಳಿಗೆಯೊಂದು ಹೊಗೆಯ ಮಾದರಿಯನ್ನು ವಿಶ್ಲೇಷಕಕ್ಕೆ ಒಯ್ಯುತ್ತದೆ. ನಳಿಗೆ ತಣ್ಣಗಾದರೆ ಒಳಗೆ ನೀರು ಕಟ್ಟಿ ಅಳತೆ ಕೆಡುತ್ತದೆ. ಓಟದ ಮೊದಲೂ ನಂತರವೂ ಪ್ರಮಾಣ ತಿಳಿದಿರುವ ಅನಿಲವನ್ನು ಹಾಯಿಸಿ ಉಪಕರಣ ದಾರಿ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಎಂಜಿನ್ ಮಾಡಿದ ಕೆಲಸದ ಲೆಕ್ಕವನ್ನು ಮಾತ್ರ ಲಾರಿಯದೇ ಕಂಪ್ಯೂಟರಿನಿಂದ ಪಡೆಯಬೇಕು, ಅಂದರೆ ಆರೋಪಿಯ ಹೇಳಿಕೆಯನ್ನೇ ಸ್ವಲ್ಪಮಟ್ಟಿಗೆ ನಂಬಬೇಕು.

ನನ್ನ ಮಟ್ಟಿಗೆ ಉಪಕರಣಕ್ಕಿಂತ ಮುಖ್ಯವಾದದ್ದು ಲೆಕ್ಕದಿಂದ ಏನನ್ನು ಕೈಬಿಡುತ್ತಾರೆ ಎಂಬುದು. ಭಾರಿ ವಾಹನಗಳ ಹೊಗೆಗೆ ಯೂರೋಪ್ ವಿಧಿಸಿದ ಯೂರೊ 6 ನಿಯಮದಲ್ಲಿ ನೈಟ್ರೋಜನ್ ಆಕ್ಸೈಡುಗಳಿಗೆ ಪ್ರಯೋಗಾಲಯದ ಮಿತಿ ಪ್ರತಿ ಕಿಲೊವ್ಯಾಟ್-ಗಂಟೆಗೆ 0.46 ಗ್ರಾಂ, ರಸ್ತೆಯಲ್ಲಿ ಅದರ ಒಂದೂವರೆ ಪಟ್ಟು, ಅಂದರೆ 0.69 ಗ್ರಾಂವರೆಗೆ ರಿಯಾಯಿತಿ. ಓಟವನ್ನು ಸಮಾನ ಕೆಲಸದ ತುಂಡುಗಳಾಗಿ ಎಣಿಸಿ, ಶೇಕಡಾ 90ರಷ್ಟು ತುಂಡುಗಳು ಮಿತಿಯೊಳಗಿದ್ದರೆ ಸಾಕು. ಆದರೆ ಮೊದಲಿಗೆ, ಸರಾಸರಿ ಶಕ್ತಿ ಎಂಜಿನ್ನಿನ ಗರಿಷ್ಠ ಶಕ್ತಿಯ ಶೇಕಡಾ 20ಕ್ಕಿಂತ ಕಡಿಮೆಯಿದ್ದ ತುಂಡುಗಳನ್ನು ಎಣಿಸುತ್ತಲೇ ಇರಲಿಲ್ಲ. ನಗರದ ನಿಧಾನ ಓಟದ ಬಹುಭಾಗ, ಅಂದರೆ ಜನರ ಮೂಗಿಗೆ ತೀರ ಹತ್ತಿರದ ಹೊಗೆ, ಹೀಗೆ ಲೆಕ್ಕದಿಂದ ಜಾರಿಹೋಗುತ್ತಿತ್ತು. ಮುಂದೆ ಆ ಗಡಿಯನ್ನು ಶೇಕಡಾ 10ಕ್ಕೆ ಇಳಿಸಿದರು. ತಣ್ಣಗಿರುವ ಎಂಜಿನ್ ಚಾಲೂ ಆದ ಮೊದಲ ನಿಮಿಷಗಳನ್ನು ಲೆಕ್ಕಕ್ಕೆ ಸೇರಿಸಿದ್ದು ಅದಕ್ಕೂ ನಂತರದ ಹಂತದಲ್ಲಿ.