ಒಂದೇ ಅರ್ಥದ ಜಪಾನಿ ಪದಗಳನ್ನು ಬಿಡಿಸಿಕೊಳ್ಳುವುದು ಹೇಗೆ?

ನೀವು ಜಪಾನಿ ಭಾಷಾ ಪರೀಕ್ಷೆಯ ಎನ್3 ಹಂತ ಮುಗಿಸಿದ್ದೀರಿ, ಪದಸಂಪತ್ತೂ ಸಾಕಷ್ಟಿದೆ. ಆದರೆ ಆ್ಯಪ್‌ನಲ್ಲಿ ಒಂದೇ ಅರ್ಥ ತೋರಿಸುವ ಎರಡು ಮೂರು ಪದಗಳಲ್ಲಿ ಯಾವುದು ಎಲ್ಲಿಗೆ ಎಂದು ತಿಳಿಯದೆ ಎಡವುತ್ತಿದ್ದೇನೆ ಎಂದು ಕೇಳಿದ್ದೀರಿ. ಅರ್ಧ ತಪ್ಪು ಆ ಆ್ಯಪ್‌ನದೇ. ಅದು ಅರ್ಥ ಕೊಡುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಲೀಸಾಗಿ ಸಿಗುವ ಎಷ್ಟೋ ಭೇದಗಳು ಇಂಗ್ಲಿಷಿನಲ್ಲಿ ಸೋರಿಹೋಗಿರುತ್ತವೆ.

'ಸಮುಯಿ', 'ತ್ಸುಮೆತಯಿ' ನೋಡಿ. ಎರಡಕ್ಕೂ ಆ್ಯಪ್ 'ಕೋಲ್ಡ್' ಎನ್ನುತ್ತದೆ. ನಮಗೆ ಮೊದಲನೆಯದು ಚಳಿ, ಎರಡನೆಯದು ಮುಟ್ಟಿದಾಗ ತಣ್ಣಗಿರುವುದು. 'ಬಿಯರ್ ಚಳಿಯಾಗಿದೆ' ಎಂದು ನಾವು ಯಾರೂ ಹೇಳುವುದಿಲ್ಲ, ಜಪಾನಿಗಳೂ ಬಿಯರಿಗೆ ಸಮುಯಿ ಅನ್ನುವುದಿಲ್ಲ. 'ಅತ್ಸುಯಿ' ಕೂಡ ಹೀಗೆಯೇ: ಸೆಕೆಗೂ ಬಿಸಿಗೂ ಉಚ್ಚಾರ ಒಂದೇ, ಬರೆಯುವ ಚೀನೀ ಮೂಲದ ಅಕ್ಷರ, ಅಂದರೆ ಕಾಂಜಿ, ಬೇರೆ. ಸೆಕೆಯ ಕಾಂಜಿಗೆ ತಲೆಯ ಮೇಲೆ ಸೂರ್ಯ, ಬಿಸಿಯ ಕಾಂಜಿಗೆ ಅಡಿಯಲ್ಲಿ ಬೆಂಕಿಯ ನಾಲ್ಕು ಚುಕ್ಕೆ. 'ಮೊಮಿ, ಕೊಮೆ, ಗೊಹಾನ್' ಅಂತೂ ನಮ್ಮ ಭತ್ತ, ಅಕ್ಕಿ, ಅನ್ನವೇ. ಇಂಗ್ಲಿಷಿನವರು ಈ ಮೂರನ್ನೂ 'ರೈಸ್' ಎಂದು ಒಂದೇ ಚೀಲಕ್ಕೆ ತುಂಬುತ್ತಾರೆ.

ಕ್ರಿಯಾಪದಗಳಲ್ಲೂ ಈ ಲಾಭ ಇದೆ. 'ತಬೆತೆ ಮಿರು' ಎಂದರೆ ತಿಂದು ನೋಡು, 'ತಬೆತೆ ಶಿಮತ್ತಾ' ಎಂದರೆ ತಿಂದುಬಿಟ್ಟೆ. ಮನೆಯಿಂದ ಹೊರಡುವಾಗ ಹೇಳುವ 'ಇತ್ತೆ ಕಿಮಾಸು' ಪದಕ್ಕೆ ಪದ ಇಟ್ಟಂತೆ 'ಹೋಗಿ ಬರ್ತೀನಿ'. ಹಾಗಾಗಿ ಹೊಸ ಪದ ಸಿಕ್ಕಾಗ ಮೊದಲು ಕನ್ನಡದಲ್ಲಿ ಇದಕ್ಕೆ ಎರಡು ಮಾತು ಇದೆಯೇ ಎಂದು ಕೇಳಿಕೊಳ್ಳಿ.

ಆದರೆ ಕನ್ನಡವೂ ಕೈಕೊಡುವ ಜಾಗಗಳಿವೆ. ಫೋನಿನಲ್ಲಿ 'ಈಗ ಬರ್ತೀನಿ ಸಾರ್' ಅನ್ನುವಲ್ಲಿ ಜಪಾನಿಯಲ್ಲಿ 'ಇಮಾ ಇಕಿಮಾಸು', ಅಂದರೆ 'ಹೋಗ್ತೀನಿ'. ನೀವು ಇರುವ ಕಡೆಯಿಂದ ಹೊರಟರೆ ಅದು ಹೋಗುವುದೇ, ಕೇಳುವವರು ಎಲ್ಲೇ ಇರಲಿ. 'ಬಿಸಿನೀರು' ಎಂಬುದನ್ನು 'ಅತ್ಸುಯಿ ಮಿಝು' ಎಂದು ಜೋಡಿಸಿದರೆ ವಿಚಿತ್ರವಾಗಿ ಕೇಳುತ್ತದೆ. ಬಿಸಿನೀರಿಗೆ 'ಒಯು' ಎಂಬ ಬೇರೆಯೇ ಪದ ಇದೆ, ಮಿಝು ಎಂದರೆ ಬಿಸಿಯಲ್ಲದ ನೀರು. 'ಗೊತ್ತಿಲ್ಲ' ಇನ್ನೂ ಅಪಾಯ. ನಾಳೆ ಬರುತ್ತೀರಾ ಎಂದು ಕೇಳಿದವರಿಗೆ 'ಶಿರಿಮಾಸೆನ್' ಎಂದರೆ 'ನನಗೇನ್ರೀ ಗೊತ್ತು' ಎಂದು ಗದರಿದಂತಾಗುತ್ತದೆ. ಅಲ್ಲಿ 'ಮದಾ ವಕರಿಮಾಸೆನ್', ಅಂದರೆ 'ಇನ್ನೂ ತಿಳಿದಿಲ್ಲ', ಬೇಕು. ಇನ್ನೊಂದು ವಕ್ರತೆ: ಗೊತ್ತು ಎನ್ನಲು 'ಶಿತ್ತೆ ಇಮಾಸು', ಗೊತ್ತಿಲ್ಲ ಎನ್ನಲು 'ಶಿರಿಮಾಸೆನ್'. ಎರಡರ ರೂಪ ಹೊಂದುವುದಿಲ್ಲ, ಹಾಗೇ ಬಾಯಿಪಾಠ ಮಾಡಿಕೊಳ್ಳಿ.

'ಹಾಕಿಕೊಳ್ಳು' ಎಂಬ ನಮ್ಮ ಒಂದು ಮಾತಿಗೆ ಅಲ್ಲಿ ಮೈಯ ಭಾಗ ನೋಡಿ ಕ್ರಿಯಾಪದ ಬದಲಾಗುತ್ತದೆ. ಅಂಗಿ, ಕೋಟು, ಸೀರೆಗೆ 'ಕಿರು'. ಸೊಂಟದಿಂದ ಕೆಳಗಿನ ಪ್ಯಾಂಟು, ಕಾಲುಚೀಲ, ಶೂಗೆ 'ಹಕು'. ತಲೆಗೆ ಹಾಕುವ ಟೋಪಿ, ಹೆಲ್ಮೆಟ್‌ಗೆ 'ಕಬುರು'. ಕನ್ನಡಕಕ್ಕೆ 'ಕಕೆರು', ಉಂಗುರಕ್ಕೆ 'ಹಮೆರು'. ತೆಗೆಯುವಾಗಲೂ ಎರಡು ದಾರಿ: ಬಟ್ಟೆ, ಶೂ, ಟೋಪಿ ಆದರೆ 'ನುಗು', ಕನ್ನಡಕ, ಉಂಗುರ, ಗಡಿಯಾರ ಆದರೆ 'ಹಝುಸು'. ಸೀರೆ ಉಡುವ, ಹೂ ಮುಡಿಯುವ ನಮಗೆ ಇದು ಅಷ್ಟೇನೂ ಪರಕೀಯವಲ್ಲ. ಹೂ ಉಟ್ಟಳು ಎಂದರೆ ನಮಗೆ ನಗು ಬರುವುದಿಲ್ಲವೇ?

ಭೇದ ಹಿಡಿಯುವ ಇನ್ನೊಂದು ಬಗೆ, ಪದದ ಮನೆತನ. ಜಪಾನಿಯಲ್ಲಿ ದೇಸಿ ಪದ ವಾಗೊ, ಚೀನೀ ಮೂಲದ್ದು ಕಾಂಗೊ, ಹೆಚ್ಚಾಗಿ ಪಶ್ಚಿಮದಿಂದ ಬಂದದ್ದು ಗಾಯ್ರಾಯ್‌ಗೊ. ನಿಯಮಕ್ಕೆ ಅದೇ ಕ್ರಮದಲ್ಲಿ 'ಕಿಮರಿ, ಕಿಸೊಕು, ರೂರು' (ಇಂಗ್ಲಿಷಿನ 'ರೂಲ್') ಮೂರೂ ಇವೆ. ಮದುವೆ, ವಿವಾಹ, ಮ್ಯಾರೇಜ್ ಇದ್ದಂತೆ. ಕಚೇರಿಯ ಬೋರ್ಡಿನಲ್ಲಿ 'ವಿವಾಹ ನೋಂದಣಿ', ಮನೆಯಲ್ಲಿ 'ಮದುವೆ', ಬಾಡಿಗೆಗೆ ಹಿಡಿಯುವುದು 'ಮ್ಯಾರೇಜ್ ಹಾಲ್'. ಕಿಸೊಕು ಕಾಗದದ ಮೇಲೆ ಬರೆದಿಟ್ಟ ನಿಯಮಕ್ಕೆ ಹೊಂದುತ್ತದೆ, ಆಟದ ನಿಯಮ ಸಾಮಾನ್ಯವಾಗಿ ರೂರು, ಮನೆಯವರು ಮಾಡಿಕೊಂಡ ಕಟ್ಟಳೆಗೆ ಕಿಮರಿ ಸಾಕು. ಶಿಸ್ತಿನ ದಿನಚರಿಗೆ ಮಾತ್ರ 'ಕಿಸೊಕು ತದಶಿಯಿ', ಅಲ್ಲಿ ಉಳಿದೆರಡು ನಡೆಯುವುದಿಲ್ಲ.

ಇದನ್ನೆಲ್ಲ ಕೂಡಿಸಿಕೊಳ್ಳುವ ಕೆಲಸ ಹೀಗೆ ಮಾಡಿ. ಫ್ಲ್ಯಾಶ್‌ಕಾರ್ಡಿನಲ್ಲಿ ಒಂಟಿ ಪದ ಬರೆಯಬೇಡಿ. 'ಮೆಗಾನೆ ಒ ಕಕೆರು' (ಕನ್ನಡಕ ಹಾಕಿಕೊಳ್ಳು) ಎಂದು ನಾಮಪದ, ಪ್ರತ್ಯಯ, ಕ್ರಿಯಾಪದ ಮೂರನ್ನೂ ಸೇರಿಸಿ, ಕ್ರಿಯಾಪದದ ಜಾಗ ಖಾಲಿ ಬಿಡಿ. ಪದವೊಂದಕ್ಕೆ ಇಂಥ ಮೂರು ಜೋಡಿ ಸಾಕು. ಸಮಾನಾರ್ಥಕಗಳನ್ನು ಒಂದೇ ದಿನ ಹೊಸದಾಗಿ ಕಲಿಯಬೇಡಿ, ಎರಡೂ ಕಲಸಿಹೋಗುತ್ತವೆ. ಮೊದಲನೆಯದು ಗಟ್ಟಿಯಾದ ಮೇಲೆ, ಒಂದೆರಡು ವಾರ ಬಿಟ್ಟು ಎರಡನೆಯದನ್ನು ತನ್ನಿ.

ಜೋಡಿ ಹುಡುಕಲು ಎನ್‌ಎಲ್‌ಬಿ ಎಂಬ ಜಾಲತಾಣ ಬಳಸಿ. ಜಪಾನಿನ ರಾಷ್ಟ್ರೀಯ ಭಾಷಾ ಸಂಸ್ಥೆ 2011ರಲ್ಲಿ ಪೂರ್ತಿಯಾಗಿ ಹೊರತಂದ ಸುಮಾರು 10 ಕೋಟಿ ಪದಗಳ ಪಠ್ಯಭಂಡಾರವನ್ನು ಅದು ಜಾಲಾಡುತ್ತದೆ. ಪದ ಕೊಟ್ಟರೆ, ಅದರ ಜೊತೆ ಯಾವ ಪ್ರತ್ಯಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂಬ ಪಟ್ಟಿ ಬರುತ್ತದೆ. ಎರಡು ಪದಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಮಾತ್ರ ಬರೆದುಕೊಳ್ಳಿ. ಜಪಾನಿ-ಜಪಾನಿ ನಿಘಂಟು ಕೊಳ್ಳುವುದಾದರೆ ಹೆಸರು ಕೇಳಿ ಕೊಜಿಯೆನ್ ತರಬೇಡಿ. ಅದು ಹಳೆಯ ಅರ್ಥವನ್ನು ಮೊದಲು ಕೊಡುತ್ತದೆ. ದಾಯ್‌ಜಿರಿನ್‌ನಲ್ಲಿ ಇಂದಿನ ಅರ್ಥ ಮೊದಲು ಬರುತ್ತದೆ, ನಿಮ್ಮ ಹಂತಕ್ಕೆ ಅದೇ ಸರಿ.