ಹೊಳೆ ದಂಡೆಯ ಊರು, ನಡೆಯಲಾರದ ಮಗು: ಪ್ರವಾಹ ಬಂದರೆ ಹೊಣೆ ಯಾರದು?

ನಿಮ್ಮ ಊರು ಲಿಂಗಸುಗೂರು ತಾಲ್ಲೂಕಿನಲ್ಲಿ, ಶೀಲಹಳ್ಳಿ ಸೇತುವೆಯ ಆಚೆ. ಅಕ್ಕನ ಮಗನಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಜೊತೆಗೆ ಫಿಟ್ಸ್. ಹೊಳೆ ಬಂದರೆ ಇಂಥ ಮಗುವಿನ ಬಗ್ಗೆ ಕಾನೂನು ಏನು ಹೇಳುತ್ತದೆ ಅಂತ ಕೇಳಿದ್ದೀರಿ.

ಕಾನೂನಿನಲ್ಲಿ ಗೊಂದಲವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಂ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಟಿರಬೇಕು, ಅಪಾಯವಿದ್ದಾಗ ಅವರಿಗೆ ತಿಳಿಸಬೇಕು. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಕೆಡುವುದು ಪಟ್ಟಿ ಒಂದೇ ಕಡೆ ಇಲ್ಲದಿರುವುದರಲ್ಲಿ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನವರ ವಿವರ ವಿಕಲಚೇತನರ ಇಲಾಖೆಯಲ್ಲಿ, ಶಾಲಾ ಮಕ್ಕಳದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ, ಚಿಕ್ಕವರದು ಅಂಗನವಾಡಿಯಲ್ಲಿ. ಜನರನ್ನು ಸಾಗಿಸುವವರು ಮಾತ್ರ ತಹಶೀಲ್ದಾರರ ಕಡೆಯವರು. ಕಾರ್ಡ್ ಆಗದ, ಶಾಲೆಗೂ ಹೋಗದ ಮಗು ಎಲ್ಲಿಯೂ ಸಿಗುವುದಿಲ್ಲ.

ಆದ್ದರಿಂದ ಮುಂಗಾರಿಗೆ ಮೊದಲೇ ತಹಶೀಲ್ದಾರರಿಗೆ ಅರ್ಜಿ ಕೊಡಿ, ಪ್ರತಿ ಜಿಲ್ಲಾಧಿಕಾರಿಗೆ. ಸ್ವೀಕೃತಿ ಮುದ್ರೆ ಬಿಡಬೇಡಿ. ಪಂಚಾಯಿತಿಯ ವಿಆರ್‌ಡಬ್ಲ್ಯೂ (ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಜೊತೆಗಿದ್ದರೆ ಕೆಲಸ ಸಲೀಸು. ‘ವಿಕಲಚೇತನ ಮಗು’ ಅಂತ ಬರೆದು ಬಿಟ್ಟರೆ ಪ್ರಯೋಜನವಿಲ್ಲ. ತೂಕ, ಕೂರಲು ಆಗುತ್ತದೆಯೋ ಇಲ್ಲವೋ, ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ, ಮನೆಯ ಗುರುತು, ಎತ್ತಿಕೊಳ್ಳುವ ಇಬ್ಬರ ಫೋನ್ ನಂಬರ್ ಇರಲಿ. ಎಲ್ಲಕ್ಕಿಂತ ಮುಖ್ಯ ಒಂದು ಸಾಲು: ಸೇತುವೆ ಮುಳುಗುವ ಮೊದಲೇ, ಮೊದಲ ಸರದಿಯಲ್ಲಿ ಸಾಗಿಸಬೇಕು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಹೆಚ್ಚು ಬಿಟ್ಟರೆ ಆ ಸೇತುವೆ ಮುಳುಗುತ್ತದೆ, ಆಮೇಲೆ ಬೋಟೇ ಗತಿ.

ಬೋಟ್ ಹತ್ತುವುದೇ ಆದರೆ ಮಗುವನ್ನು ವೀಲ್‌ಚೇರಿಗೆ ಕಟ್ಟಿ ಕೂರಿಸಬೇಡಿ. ಬೋಟ್ ಮಗುಚಿದರೆ ಕುರ್ಚಿಯೇ ಮುಳುಗಿಸುತ್ತದೆ. ದೊಡ್ಡವರ ಲೈಫ್‌ಜಾಕೆಟ್ ತಲೆಯ ಮೇಲಿಂದ ಜಾರುತ್ತದೆ, ತೂಕಕ್ಕೆ ತಕ್ಕದ್ದು, ತೊಡೆಸಂದಿಯ ಪಟ್ಟಿ ಇರುವುದು ಕೇಳಿ. ಕುತ್ತಿಗೆ ನಿಲ್ಲದ ಮಗುವಿನ ಮುಖ ಜಾಕೆಟ್ ಹಾಕಿದರೂ ನೀರಿಗೆ ಬೀಳಬಹುದು, ಒಬ್ಬರು ಹಿಡಿದೇ ಇರಬೇಕು. ವೀಲ್‌ಚೇರ್ ಮಡಚಿ ಅದೇ ಬೋಟಿನಲ್ಲಿ ಒಯ್ಯಿರಿ. ‘ಆಮೇಲೆ ತರ್ತೀವಿ’ ಅಂದದ್ದು ಬರುವುದು ನೆರೆ ಇಳಿದ ಮೇಲೆಯೇ.

ಫಿಟ್ಸ್ ಮಾತ್ರೆ ಹದಿನೈದು ದಿನಕ್ಕಾಗುವಷ್ಟು, ಚೀಟಿ ಸಮೇತ, ನೀರು ಹೋಗದ ಡಬ್ಬಿಯಲ್ಲಿರಲಿ. ಡೋಸ್ ತಪ್ಪಿದರೆ ಫಿಟ್ಸ್ ಮರುಕಳಿಸಬಹುದು. ಐದು ನಿಮಿಷ ದಾಟಿದರೆ ಕಾಯದೆ 112ಕ್ಕೆ ಕರೆ ಮಾಡಿ. ಕಾಳಜಿ ಕೇಂದ್ರದಲ್ಲಿ (ನೆರೆ ಸಂತ್ರಸ್ತರ ತಂಗುದಾಣ) ರ‍್ಯಾಂಪ್ ಇದ್ದರೂ ಶೌಚಾಲಯದ ಬಾಗಿಲು ಕಿರಿದಾಗಿರಬಹುದು, ಮೊದಲೇ ಅಳತೆ ನೋಡಿಬನ್ನಿ. ನುಂಗಲು ಕಷ್ಟವಿದ್ದರೆ ಅಲ್ಲಿನ ಅನ್ನ ಸಾಂಬಾರು ಶ್ವಾಸನಾಳಕ್ಕೆ ಹೋಗಬಹುದು; ಮೆತ್ತಗೆ ನುರಿದ ಗಂಜಿ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ.

ಅರ್ಜಿಗೆ ಉತ್ತರ ಬಾರದಿದ್ದರೆ ಮುದ್ರೆಯ ಪ್ರತಿ ಲಗತ್ತಿಸಿ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕಳಿಸಿ.